ಹಾಸನದಲ್ಲಿ ಎರಡು ರಾತ್ರಿ: ಬೇಲೂರು, ಹಳೇಬೀಡು, ಬೆಳಗೊಳವನ್ನು ಬಿಸಿಲಿನ ಲೆಕ್ಕದಲ್ಲಿ ನೋಡುವ ಬಗೆ

ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ, ನಡುರಾತ್ರಿಯೊಳಗೆ ಮನೆ ಸೇರುವ ಪ್ರವಾಸವೊಂದಿದೆ. ಹಾಸನ ನೋಡಿದ್ದೇವೆ ಎನ್ನುವವರಲ್ಲಿ ಬಹಳ ಜನ ನೋಡಿರುವುದು ಹೀಗೆಯೇ. ಆ ಲೆಕ್ಕದಲ್ಲಿ ಗೊಮ್ಮಟನ ಬೆಟ್ಟ ಹತ್ತಿ ಇಳಿಯುವಾಗ ಹನ್ನೊಂದು ಗಂಟೆ, ಬಂಡೆ ಕಾದ ಹೆಂಚಾಗಿರುತ್ತದೆ. ಬೇಲೂರು ಮುಟ್ಟುವಾಗ ಗರ್ಭಗುಡಿಯ ಬಾಗಿಲು ಹಾಕಿರುತ್ತದೆ. ಹಳೇಬೀಡಿಗೆ ಬರುವಷ್ಟರಲ್ಲಿ ಕಾವಲುಗಾರ ಸೀಟಿ ಊದುತ್ತಿರುತ್ತಾನೆ. ಮೂರು ಕಡೆಯೂ ನೋಡಬೇಕಾದ್ದು ಕಲ್ಲು, ಮೂರು ಕಡೆಯೂ ಬರಿಗಾಲು. ಆದ್ದರಿಂದ ಇಲ್ಲಿ ದಾರಿಯನ್ನು ಕಿಲೋಮೀಟರಿನಲ್ಲಿ ಅಲ್ಲ, ಬಿಸಿಲು ಯಾವ ಹೊತ್ತಿಗೆ ಯಾವ ಗೋಡೆಯ ಮೇಲಿರುತ್ತದೆ ಎಂಬುದರಲ್ಲಿ ಲೆಕ್ಕ ಹಾಕಬೇಕು. ಹಾಸನದಲ್ಲಿ ಶುಕ್ರವಾರ, ಶನಿವಾರ ಎರಡು ರಾತ್ರಿ ತಂಗಿದರೆ ಈ ಲೆಕ್ಕ ಸಲೀಸಾಗಿ ಕೂಡಿಬರುತ್ತದೆ.

ಯಾವಾಗ ಬರಬೇಕು, ಯಾವಾಗ ಬೇಡ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಹಾಸನ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಿಂತ ಎತ್ತರದಲ್ಲಿದೆ. ಬಡವರ ಊಟಿ ಎಂದು ಕರೆಸಿಕೊಂಡ ಊರು. ಡಿಸೆಂಬರ್, ಜನವರಿಯ ಬೆಳಿಗ್ಗೆ ಸ್ವೆಟರ್ ಬೇಕೇ ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಹಿತವಾಗಿದ್ದರೂ ಹನ್ನೊಂದರ ಮೇಲೆ ನೆಲಗಲ್ಲು ಪಾದ ಸುಡುತ್ತದೆ. ಬೇಲೂರಿನ ರಥೋತ್ಸವವೂ ಚೈತ್ರದಲ್ಲಿ ಬರುವುದರಿಂದ ಆ ದಿನಗಳಲ್ಲಿ ಶಿಲ್ಪ ನೋಡಲು ಹೋದವರು ಜನರ ಬೆನ್ನು ನೋಡಿ ಬರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮೋಡದ ಬೆಳಕಿನಲ್ಲಿ ಶಿಲ್ಪ ಚೆನ್ನಾಗಿಯೇ ಕಾಣುತ್ತದೆ, ಆದರೆ ಒದ್ದೆ ಕಲ್ಲು ಜಾರುತ್ತದೆ; ಸಕಲೇಶಪುರದ ಆಚೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟುವುದೂ ಈ ತಿಂಗಳುಗಳಲ್ಲೇ.

ಎಚ್ಚರಿಕೆಯಿಂದ ಯೋಚಿಸಬೇಕಾದ ಇನ್ನೊಂದು ಕಾಲ ದೀಪಾವಳಿಯ ಆಸುಪಾಸು. ಊರಿಗೆ ಹೆಸರು ಕೊಟ್ಟ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿಯ ಆಸುಪಾಸಿನಲ್ಲಿ ಮುಚ್ಚುತ್ತಾರೆ. ಒಳಗೆ ದೇವಿ ಹುತ್ತದ ರೂಪದಲ್ಲಿದ್ದಾಳೆ. ಕಳೆದ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಮುಡಿಸಿದ ಹೂ ಬಾಡಿರುವುದಿಲ್ಲ ಎಂಬ ನಂಬಿಕೆಯಿಂದ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಆ ದಿನಗಳಲ್ಲಿ ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು, ಲಾಡ್ಜುಗಳಲ್ಲಿ ರೂಮು ಸಿಗುವುದಿಲ್ಲ, ಸಿಕ್ಕಿದ್ದಕ್ಕೆ ದುಪ್ಪಟ್ಟು ಕೇಳುತ್ತಾರೆ, ಊರೊಳಗಿನ ರಸ್ತೆಗಳು ಕಟ್ಟಿಕೊಂಡಿರುತ್ತವೆ. ಹಾಸನಾಂಬೆಗೆಂದೇ ಬರುವುದಾದರೆ ಅದೊಂದಕ್ಕೇ ಬನ್ನಿ. ನಡುವಾರದಲ್ಲಿ, ನಸುಕಿನಲ್ಲೇ ಸಾಲು ಸೇರಿ. ಬೇಲೂರು, ಹಳೇಬೀಡನ್ನು ಅದರ ಜೊತೆ ಕಟ್ಟಬೇಡಿ. ಉಳಿದ ಕಾಲದಲ್ಲಿ ಬಂದು "ಹಾಸನಾಂಬೆ ದರ್ಶನಕ್ಕೆ ಎಷ್ಟು ಹೊತ್ತಿಗೆ ಹೋಗಬೇಕು" ಎಂದು ಆಟೋದವರನ್ನು ಕೇಳುವವರು ಇದ್ದೇ ಇರುತ್ತಾರೆ. ಆಗ ನೋಡಸಿಗುವುದು ಬೀಗ ಹಾಕಿದ ಬಾಗಿಲು, ಪಕ್ಕದ ಸಿದ್ಧೇಶ್ವರನ ಗುಡಿ.

ತಲುಪುವುದು, ತಂಗುವುದು

ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿ.ಮೀ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮೂರೂವರೆ ಗಂಟೆ. ಶುಕ್ರವಾರ ಸಂಜೆ ನೆಲಮಂಗಲ ದಾಟುವುದಕ್ಕೇ ಒಂದು ಗಂಟೆ ಬೇರೆ ಇಟ್ಟುಕೊಳ್ಳಿ. ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹೋಗುವ ನೇರ ರೈಲು ಮಾರ್ಗ 2017ರಲ್ಲಿ ಪೂರ್ತಿಯಾಯಿತು. ಯಶವಂತಪುರದಿಂದ ಹತ್ತಿದರೆ ಹೆದ್ದಾರಿಯ ಗೊಡವೆಯೇ ಇಲ್ಲ. ಹಾಸನದ ರೈಲು ನಿಲ್ದಾಣ ಬಿ.ಎಂ. ರಸ್ತೆಯಲ್ಲಿದೆ. ತಂಗಲು ಈ ರಸ್ತೆಯ ಅಥವಾ ಹೊಸ ಬಸ್ ನಿಲ್ದಾಣದ ಆಸುಪಾಸೇ ಒಳ್ಳೆಯದು, ಬೆಳಿಗ್ಗೆ ಹೊರಡಲು ಸುಲಭ. ರೂಮು ಹಿಡಿಯುವ ಮೊದಲು ಎರಡು ಪ್ರಶ್ನೆ ಕೇಳಿ: ಬೆಳಗಿನ ಐದೂವರೆಗೆ ಬಿಸಿನೀರು ಬರುತ್ತದೆಯೇ, ರಾತ್ರಿ ಗೇಟಿಗೆ ಬೀಗ ಹಾಕಿದರೆ ನಸುಕಿನಲ್ಲಿ ತೆಗೆಯುವವರು ಯಾರು? ಭಾನುವಾರದ ಬೆಳಗೊಳದ ಬೆಟ್ಟ ನಿಂತಿರುವುದು ಈ ಎರಡು ಉತ್ತರಗಳ ಮೇಲೆ.

ಸ್ವಂತ ವಾಹನ ಇಲ್ಲದಿದ್ದರೂ ತೊಂದರೆಯಿಲ್ಲ. ಹೊಸ ಬಸ್ ನಿಲ್ದಾಣದಿಂದ ಬೇಲೂರಿಗೆ ಬಸ್ಸುಗಳು ಒಂದರ ಹಿಂದೊಂದು ಸಿಗುತ್ತವೆ, ಸುಮಾರು 40 ಕಿ.ಮೀ., ಒಂದು ಗಂಟೆಯ ದಾರಿ. ಬೇಲೂರಿನಿಂದ ಹಳೇಬೀಡು 16 ಕಿ.ಮೀ., ಅರ್ಧ ಗಂಟೆ. ಹಳೇಬೀಡಿನಿಂದ ಹಾಸನ 30 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಸಂಜೆ ಇಲ್ಲಿಯ ಬಸ್ಸು ವಿರಳವಾಗುತ್ತದೆ. ಆದ್ದರಿಂದ ಇಳಿದ ಕೂಡಲೇ ಹಾಸನಕ್ಕೆ ಕೊನೆಯ ಬಸ್ಸು ಎಷ್ಟಕ್ಕೆಂದು ಕಂಡಕ್ಟರನ್ನೇ ಕೇಳಿಟ್ಟುಕೊಳ್ಳಿ. ಶ್ರವಣಬೆಳಗೊಳಕ್ಕೆ ನೇರ ಬಸ್ಸು ಕಾಯುತ್ತ ಕೂರಬೇಡಿ. ಚನ್ನರಾಯಪಟ್ಟಣದ ಯಾವುದೇ ಬಸ್ಸು ಹತ್ತಿ, ಅಲ್ಲಿ ಇಳಿದು ಇನ್ನೊಂದು ಹಿಡಿಯಿರಿ. ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸು ಉಚಿತ, ಆಧಾರ್ ಕೈಯಲ್ಲಿರಲಿ. ಕಾರು ಬಾಡಿಗೆಗೆ ಹಿಡಿಯುವುದಾದರೆ ದಿನಕ್ಕೆ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಎಷ್ಟು ಕಿಲೋಮೀಟರಿನವರೆಗೆ, ಎಷ್ಟು ಗಂಟೆಯವರೆಗೆ, ಬೇಲೂರು ದಾರಿಯ ದೊಡ್ಡಗದ್ದವಳ್ಳಿಗೆ ಒಳಗೆ ತಿರುಗಿದರೆ ಬೇರೆ ದುಡ್ಡೇ ಎಂಬುದನ್ನೂ ಮೊದಲೇ ಆಡಿಕೊಳ್ಳಿ. ಜಗಳ ಬರುವುದು ಯಾವಾಗಲೂ ಆ ಒಳದಾರಿಯ ಮೇಲೆಯೇ.

ಚೀಲದಲ್ಲಿ ಇರಬೇಕಾದ್ದು: ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ, ಸಣ್ಣ ಟಾರ್ಚು, ಒಂದು ಲೀಟರ್ ನೀರು, ಚಪ್ಪಲಿ ಕಾಯುವವರಿಗೆ ಚಿಲ್ಲರೆ. ಬೈನಾಕ್ಯುಲರ್ ಇದ್ದರೆ ಮರೆಯದೆ ತನ್ನಿ. ಹಕ್ಕಿ ನೋಡುವವರ ಸಾಮಾನು ಎಂದು ಮನೆಯಲ್ಲಿ ಬಿಟ್ಟು ಬಂದವರು ಬೇಲೂರಿನಲ್ಲಿ ಪರಿತಪಿಸುತ್ತಾರೆ. ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿ ಸಾಕು. ದಾರ ಕಟ್ಟುವ ಶೂ ಹಾಕಿದರೆ ದಿನಕ್ಕೆ ಏಳೆಂಟು ಸಲ ಬಗ್ಗಬೇಕು.

ಶನಿವಾರ ಬೆಳಿಗ್ಗೆ: ಗದ್ದವಳ್ಳಿಯ ಮೇಲೆ ಬೇಲೂರು

ಏಳೂವರೆಗೆ ಹಾಸನ ಬಿಡಿ. ವಾಹನ ಇದ್ದರೆ ಬೇಲೂರು ರಸ್ತೆಯಲ್ಲಿ ಸುಮಾರು 16 ಕಿ.ಮೀ. ಹೋಗಿ, ಫಲಕ ನೋಡಿ ದೊಡ್ಡಗದ್ದವಳ್ಳಿಗೆ ಒಳಗೆ ತಿರುಗಿ. ಕೆರೆಯ ದಂಡೆಯ ಲಕ್ಷ್ಮೀದೇವಿ ಗುಡಿ ಹೊಯ್ಸಳರ ಮೊದಮೊದಲ ಕಟ್ಟಡಗಳಲ್ಲಿ ಒಂದು. ವಿಷ್ಣುವರ್ಧನನ ಕಾಲದಲ್ಲಿ, ಬೇಲೂರಿಗಿಂತ ಕೆಲವೇ ವರ್ಷ ಮೊದಲು, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ, ನಡುವೆ ಒಂದೇ ಮಂಟಪ. ಬೇಲೂರಿನ ಕುಸುರಿ ಇಲ್ಲಿಲ್ಲ, ಗೋಡೆ ಹೆಚ್ಚುಕಡಿಮೆ ಖಾಲಿ. ಇದನ್ನೇ ಮೊದಲು ನೋಡಬೇಕೆನ್ನುವುದೂ ಅದಕ್ಕೇ: ಗುಡಿಯೊಂದರ ಎಲುಬಿನ ಗೂಡು ಹೇಗಿರುತ್ತದೆಂದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ, ಬೇಲೂರಿನಲ್ಲಿ ಅದು ಒಡವೆಯ ಕೆಳಗೆ ಮುಚ್ಚಿಹೋಗಿದೆ. ಕಾಳಿಯ ಗುಡಿಯ ಬಾಗಿಲಲ್ಲಿ ನಿಂತ ಎರಡು ಬೇತಾಳಗಳ ಪಕ್ಕೆಲುಬನ್ನು ಟಾರ್ಚು ಬಿಟ್ಟು ನೋಡಿ. ಬೀಗ ಹಾಕಿದ್ದರೆ ಊರಿನಲ್ಲಿ ವಿಚಾರಿಸಿ, ಕಾಯುವವರು ಹತ್ತಿರದಲ್ಲೇ ಇರುತ್ತಾರೆ. ಇಲ್ಲಿಗೆ ಮುಕ್ಕಾಲು ಗಂಟೆ ಸಾಕು. ಬಸ್ಸಿನವರು ಇದನ್ನು ಬಿಡಿ, ಮುಖ್ಯರಸ್ತೆಯಿಂದ ಒಳಗೆ ನಡೆದರೆ ಬೇಲೂರಿನ ಬೆಳಕು ಕೈತಪ್ಪುತ್ತದೆ.

ಬೇಲೂರಿಗೆ ಒಂಬತ್ತೂವರೆಯೊಳಗೆ ಸೇರಬೇಕು. ಚೆನ್ನಕೇಶವನ ಗುಡಿಗೆ ಪೂರ್ವ ದಿಕ್ಕೇ ಮುಖ. ಆ ಹೊತ್ತಿನ ಬಿಸಿಲು ಮುಂಭಾಗದ ಮೇಲೆ ಓರೆಯಾಗಿ ಬೀಳುತ್ತದೆ, ಕೆತ್ತನೆಯ ಆಳ ಎದ್ದು ಕಾಣುತ್ತದೆ. ಹನ್ನೆರಡಾದರೆ ಸೂರ್ಯ ನೆತ್ತಿಗೆ ಬಂದು ಸೂರಿನ ನೆರಳು ಮದನಿಕೆಯರ ಮುಖ ಮುಚ್ಚುತ್ತದೆ.

ವಿಷ್ಣುವರ್ಧನ ಈ ಗುಡಿಯಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಇದು ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿ ಸೇರಿತು. ಒಳಗೆ ಹೆಜ್ಜೆಯಿಟ್ಟ ಮೇಲೆ ಎಲ್ಲರೂ ಮಾಡುವ ತಪ್ಪು ಒಂದೇ: ನೇರ ನವರಂಗಕ್ಕೆ, ಅಂದರೆ ಒಳಗಿನ ಕಂಬಗಳ ಮಂಟಪಕ್ಕೆ, ನುಗ್ಗುವುದು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಏನೂ ಕಾಣುವುದಿಲ್ಲ, ಇತ್ತ ಹೊರಗಿನ ಒಳ್ಳೆಯ ಬೆಳಕೂ ವ್ಯರ್ಥ. ಮೊದಲು ಹೊರಗೆ ಎರಡು ಸುತ್ತು ಹಾಕಿ.

ಮೊದಲ ಸುತ್ತು ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆಯ) ಕೆಳಗೆ, ಅಂಗಳದಲ್ಲಿ, ಇಪ್ಪತ್ತು ಮೂವತ್ತು ಅಡಿ ದೂರದಿಂದ. ನಕ್ಷತ್ರದಾಕಾರದ ಜಗತಿ ಹೇಗೆ ಮಡಚಿ ಮಡಚಿ ಹೋಗುತ್ತದೆ, ಪ್ರತಿ ಮಡಿಕೆಯಲ್ಲಿ ನೆರಳು ಬೆಳಕು ಹೇಗೆ ಬದಲಾಗುತ್ತದೆ ಎಂಬುದಷ್ಟೇ ಈ ಸುತ್ತಿನ ಕೆಲಸ. ಮೇಲೆ ಶಿಖರ ಇಲ್ಲದ್ದು ಕಣ್ಣಿಗೆ ಬೀಳುತ್ತದೆ. ಶಿಥಿಲವಾಗಿದ್ದ ಅದನ್ನು 19ನೇ ಶತಮಾನದಲ್ಲಿ ಇಳಿಸಿಬಿಟ್ಟರು.

ಎರಡನೆಯ ಸುತ್ತು ಜಗತಿಯ ಮೇಲೆ, ಗೋಡೆಗೆ ಹತ್ತಿರ, ಗುಡಿ ನಿಮ್ಮ ಬಲಕ್ಕಿರುವಂತೆ. ಈಗ ಬೈನಾಕ್ಯುಲರ್ ತೆಗೆಯಿರಿ. ಸೂರಿನ ಕೆಳಗೆ ಓರೆಯಾಗಿ ಆನಿಸಿದ ಮದನಿಕೆಯರು ಹೊರಗೆ 38, ಒಳಗೆ 4. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಾಡುವವಳು, ಸೀರೆ ಎಳೆಯುವ ಕೋತಿಯನ್ನು ಗದರಿಸುವವಳು, ಬೇಟೆಗೆ ಹೊರಟವಳು ಎಲ್ಲರನ್ನೂ ಮಾರ್ಗದರ್ಶಿಗಳು ತೋರಿಸುತ್ತಾರೆ. ಅವರು ಅವಸರದಲ್ಲಿ ಬಿಡುವುದು ಎರಡು. ಮೊದಲನೆಯದು ಮದನಿಕೆಯರ ತಲೆಯ ಮೇಲಿನ ಬಳ್ಳಿಯ ಚಪ್ಪರ. ಒಂದರಲ್ಲಿ ಹಲಸಿನ ಹಣ್ಣಿನ ಮೇಲೆ ನೊಣ ಕೂತಿದೆ, ಅದನ್ನು ಹಿಡಿಯಲು ಹಲ್ಲಿ ಹೊಂಚು ಹಾಕಿದೆ. ಬರಿಗಣ್ಣಿಗೆ ಅದೊಂದು ಗಂಟಿನ ಹಾಗೆ ಕಾಣುತ್ತದೆ ಅಷ್ಟೇ. ಎರಡನೆಯದು ಕಾಲ ಕೆಳಗಿನ ಪೀಠ. ಅಲ್ಲಿ ಹಳಗನ್ನಡ ಲಿಪಿಯಲ್ಲಿ ಶಿಲ್ಪಿಗಳ ಹೆಸರಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಲ್ಲಿ ತಮ್ಮ ಕೆಲಸಕ್ಕೆ ರುಜು ಹಾಕಿದವರು. ಎಲ್ಲವನ್ನೂ ಜಕಣಾಚಾರಿಯೊಬ್ಬನೇ ಕಡೆದ ಎಂಬ ಕಥೆ ಕೇಳಲು ಚೆಂದ, ಆದರೆ ಕಲ್ಲಿನ ಮೇಲೆ ಬರೆದುಕೊಂಡವರು ಬೇರೆಯವರು. ದಾಸೋಜನ ಹೆಸರು ನೆನಪಿಟ್ಟುಕೊಳ್ಳಿ, ನಾಳೆ ಬೇಕಾಗುತ್ತದೆ.

ಇಷ್ಟು ನುಣ್ಣಗೆ ಕಡೆಯಲು ಸಾಧ್ಯವಾದದ್ದು ಕಲ್ಲಿನ ಗುಣದಿಂದ. ಇದು ಬಳಪದ ಕಲ್ಲಿನ ಜಾತಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಕೈಯ ಜಿಡ್ಡು ಮಾತ್ರ ಇದಕ್ಕೆ ಶತ್ರು. ಕೈಗೆಟುಕುವ ಎತ್ತರದ ಆನೆಗಳ ಸೊಂಡಿಲು ಕಪ್ಪಾಗಿ ಮಿರುಗುವುದು ಮುಟ್ಟಿ ಮುಟ್ಟಿಯೇ. ಮಕ್ಕಳನ್ನು ಕರೆತಂದಿದ್ದರೆ ಕೈ ಹಿಂದೆ ಕಟ್ಟಿಸಿ, ಬುಡದ ಆನೆಸಾಲಿನಲ್ಲಿ ಒಂದೇ ಥರದ ಎರಡು ಆನೆ ಹುಡುಕಿ ಎಂದು ಬಿಡಿ. ಆರುನೂರಕ್ಕೂ ಹೆಚ್ಚಿವೆ, ನಿಮಗೆ ಅರ್ಧ ಗಂಟೆ ಬಿಡುವು.

ಪೂರ್ವದ ಬಾಗಿಲಿನ ಎಡಬಲದ ಜಾಲಂಧ್ರಗಳ (ಕಿಂಡಿಗಳುಳ್ಳ ಕಲ್ಲಿನ ಪರದೆಗಳ) ಮುಂದೆ ನಿಲ್ಲದೆ ಒಳಗೆ ಹೋಗಬೇಡಿ. ರಾಜಸಭೆಯ ದೃಶ್ಯ ಅಲ್ಲಿದೆ. ಈ ಜಾಲಂಧ್ರಗಳು ಮೂಲ ಕಟ್ಟಡದವಲ್ಲ, ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕೂಡಿಸಿದವು. ಅದಕ್ಕೆ ಮುಂಚೆ ಮಂಟಪ ತೆರೆದೇ ಇತ್ತು. ಒಳಗಿನ ಕತ್ತಲೆಗೆ ಕಾರಣ ಇದೇ.

ಒಳಗೆ ಹೋದ ಮೇಲೆ ಐದು ನಿಮಿಷ ಸುಮ್ಮನೆ ಒಂದು ಕಡೆ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಆಮೇಲೆ ನಡುವಿನ ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಒಳಛಾವಣಿಯನ್ನು, ಕೆಳಗಿನಿಂದ ತಲೆಯೆತ್ತಿ ನೋಡಿ. ನರಸಿಂಹ ಕಂಬಕ್ಕೆ ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಹಿಡಿಯಿರಿ, ಹೆಬ್ಬೆರಳಿನಷ್ಟಿರುವ ಬೊಂಬೆಗಳು ಜೀವ ತಳೆಯುತ್ತವೆ. ನಯಗೊಳಿಸಿದ ಗಂಟೆಯಾಕಾರದ ಕಂಬಗಳ ಸುತ್ತ ಸಣ್ಣ ಸಣ್ಣ ಉಂಗುರಗೆರೆಗಳಿವೆಯಲ್ಲ, ಅವು ಕಲ್ಲನ್ನು ತಿರುಗಣಿಗೆ ಹಾಕಿ ಕಡೆದ ಗುರುತು. ದೇವರ ದರ್ಶನವನ್ನು ಹನ್ನೆರಡರೊಳಗೆ ಮುಗಿಸಿಕೊಳ್ಳಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಗರ್ಭಗುಡಿಯ ಚಿತ್ರ ತೆಗೆಯುವ ಹಾಗಿಲ್ಲ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಿಂತಿರುಗುವಾಗ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ ನೋಡಿ. ಅಂಗಳದ 42 ಅಡಿಯ ಕಂಬದ ಬುಡದಲ್ಲಿ ಕಾಗದ ತೂರಿಸಿ ತೋರಿಸುವವರಿಗಾಗಿ ಬಹಳ ಹೊತ್ತು ನಿಲ್ಲಬೇಡಿ.

ಮಾರ್ಗದರ್ಶಿ ಬೇಕೇ? ಮೊದಲ ಸಲ ಬರುವವರಿಗೆ ಬೇಲೂರಿನಲ್ಲಿ ಬೇಕು, ಹಳೇಬೀಡಿನಲ್ಲಿ ಇನ್ನೂ ಬೇಕು. ಸರ್ಕಾರಿ ಗುರುತಿನ ಚೀಟಿ ಇರುವವರನ್ನೇ ಹಿಡಿಯಿರಿ, ದರ ಮೊದಲೇ ಗೊತ್ತು ಮಾಡಿ, "ಒಂದೂವರೆ ಗಂಟೆ ಇದೆ, ನಿಧಾನಕ್ಕೆ ಹೇಳಿ ಸರ್" ಎಂದು ಆರಂಭದಲ್ಲೇ ತಿಳಿಸಿ. ಇಲ್ಲದಿದ್ದರೆ ನಲವತ್ತು ನಿಮಿಷದ ಕಂಠಪಾಠ ಒಪ್ಪಿಸಿ ಮುಂದಿನ ಗುಂಪಿಗೆ ಓಡುತ್ತಾರೆ. ಅವರ ಹೊಟ್ಟೆಪಾಡೂ ನಡೆಯಬೇಕಲ್ಲ. ಶಿಲ್ಪದ ಕೈಯಲ್ಲಿ ದೂರದರ್ಶಕ, ರಾಕೆಟ್ಟು ತೋರಿಸತೊಡಗಿದರೆ ನಗುತ್ತಾ ಮುಂದಿನ ಶಿಲ್ಪಕ್ಕೆ ಕರೆದೊಯ್ಯಿರಿ.

ಹಳೇಬೀಡು: ನೆರಳು ಮೊದಲು, ಗೋಡೆ ಆಮೇಲೆ

ಬೇಲೂರಿನಲ್ಲೇ ಊಟ ಮುಗಿಸಿ ಎರಡರ ಹೊತ್ತಿಗೆ ಹಳೇಬೀಡಿಗೆ ಬನ್ನಿ. ಹೊಯ್ಸಳೇಶ್ವರ ಎದುರಿಗೇ ಕಾಣುತ್ತದೆ, ಕಾಲು ಅತ್ತ ಎಳೆಯುತ್ತದೆ. ತಡೆಯಿರಿ. ಈ ಗುಡಿಯ ಸಂಪತ್ತೆಲ್ಲ ಇರುವುದು ಹಿಂಬದಿಯ, ಅಂದರೆ ಪಶ್ಚಿಮದ ಗೋಡೆಯಲ್ಲಿ. ಅಲ್ಲಿಗೆ ಬೆಳಕು ಚೆನ್ನಾಗಿ ಬರುವುದು ಮೂರೂವರೆಯ ಮೇಲೆ. ಅಷ್ಟರವರೆಗೆ ನೆರಳಿನಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ.

ಆವರಣದಲ್ಲೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ, ಶುಕ್ರವಾರ ರಜೆ. ಬೇಲೂರಿನಲ್ಲಿ ಹದಿನೈದು ಅಡಿ ಮೇಲೆ ನೋಡಿದಂಥ ಶಿಲ್ಪಗಳು ಇಲ್ಲಿ ಕಣ್ಣಿನ ಮಟ್ಟದಲ್ಲಿವೆ. ಅರ್ಧ ಗಂಟೆ ಕೊಡಿ. ಅಲ್ಲಿಂದ ಬಸದಿಹಳ್ಳಿಗೆ ನಡೆದೇ ಹೋಗಬಹುದು. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪಣ್ಣ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ಹೊರಗೋಡೆಯಲ್ಲಿ ಶಿಲ್ಪವೇ ಇಲ್ಲದ ಈ ಬಸದಿಗೆ ಪ್ರವಾಸಿ ಬಸ್ಸಿನವರು ಇಳಿಯುವುದಿಲ್ಲ. ಒಳಗಿನ ಕಂಬಗಳಿಗೆ ಕೊಟ್ಟ ಮೆರುಗು ಎಂಥದ್ದೆಂದರೆ ಎದುರು ನಿಂತರೆ ನಿಮ್ಮ ನೆರಳು ಅದರಲ್ಲಿ ಆಡುತ್ತದೆ. ಹತ್ತಿರದ ಕೇದಾರೇಶ್ವರವೂ ಈ ಸುತ್ತಿನಲ್ಲೇ ಸೇರಲಿ. ಇಮ್ಮಡಿ ಬಲ್ಲಾಳ ಮತ್ತು ರಾಣಿ ಕೇತಲದೇವಿಯ ಕಾಲದ್ದು, ಜನ ಕಡಿಮೆ, ಕೂರಲು ಹುಲ್ಲುಹಾಸಿದೆ.

ಮೂರೂವರೆಗೆ ಹೊಯ್ಸಳೇಶ್ವರಕ್ಕೆ ಮರಳಿ. ಹಳೇಬೀಡು ದೋರಸಮುದ್ರವೆಂಬ ರಾಜಧಾನಿಯಾಗಿದ್ದಾಗ ಕೇತಮಲ್ಲನೆಂಬ ಅಧಿಕಾರಿಯ ಉಸ್ತುವಾರಿಯಲ್ಲಿ 1121ರ ಹೊತ್ತಿಗೆ ಎದ್ದ ಗುಡಿ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂದು ಎರಡು ಗರ್ಭಗುಡಿ, ಎರಡಕ್ಕೂ ಎದುರು ನಂದಿ. ದಕ್ಷಿಣದ ಬಾಗಿಲಿಗೆ ಮೊದಲು ಹೋಗಿ. ಅಲ್ಲಿನ ದ್ವಾರಪಾಲಕರ ಕೈ ಮುರಿದಿವೆ. ಆದರೂ ಮೈತುಂಬ ತೊಟ್ಟ ಒಡವೆಯ ಒಂದೊಂದು ಎಳೆಯೂ ಉಳಿದಿದೆ. ಬಾಗಿಲಿನ ಆಸುಪಾಸಿನಲ್ಲೇ ಗರುಡಗಂಬ. ಇಮ್ಮಡಿ ಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ, ರಾಜ ಸತ್ತಾಗ ತಾನೂ ತನ್ನವರೊಡನೆ ಪ್ರಾಣ ಬಿಟ್ಟದ್ದರ ಗುರುತು ಅದು. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನೇ ತರಿದುಕೊಳ್ಳುತ್ತಿರುವ ವೀರರಿದ್ದಾರೆ. ನೂರಕ್ಕೆ ತೊಂಬತ್ತು ಜನ ಅದನ್ನು ಬರೀ ನೆಟ್ಟ ಕಲ್ಲೆಂದು ದಾಟಿಹೋಗುತ್ತಾರೆ.

ಪಶ್ಚಿಮದ ಗೋಡೆಯನ್ನು ಓದುವುದಕ್ಕೆ ಒಂದು ಕ್ರಮ ಬೇಕು, ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಕಣ್ಣು ಸೋಲುತ್ತದೆ. ಬುಡದಿಂದ ಮೇಲಕ್ಕೆ ಎಂಟು ಪಟ್ಟಿಗಳಿವೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಎಂಟನ್ನೂ ಒಟ್ಟಿಗೆ ನೋಡಲು ಹೋಗಬೇಡಿ. ಕೆಳಗಿನಿಂದ ಆರನೆಯದನ್ನು, ಕಥೆಯ ಪಟ್ಟಿಯನ್ನು, ಮಾತ್ರ ಹಿಡಿದು ನಡೆಯಿರಿ. ಒಂದೊಂದು ಗೇಣಿನ ಎತ್ತರದಲ್ಲಿ ರಾಮಾಯಣ, ಮಹಾಭಾರತ, ಭಾಗವತ ಸಾಗುತ್ತವೆ. ಅಭಿಮನ್ಯುವಿನ ಚಕ್ರವ್ಯೂಹವನ್ನು ಸುರುಳಿಯಾಗಿಯೇ ಕೆತ್ತಿದ್ದಾರೆ, ಅದು ಕಂಡಿತೆಂದರೆ ಉಳಿದ ಯುದ್ಧಪರ್ವ ಬಿಡಿಸಿಕೊಳ್ಳುವುದು ಸುಲಭ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಪಟ್ಟಿಗಳ ಮೇಲಿನ ದೊಡ್ಡ ಮೂರ್ತಿಗಳಿಗೆ ಬನ್ನಿ. ಕೈಲಾಸ ಎತ್ತುವ ರಾವಣ, ಗೋವರ್ಧನ ಹಿಡಿದ ಕೃಷ್ಣ, ಗಜಾಸುರನ ತಲೆಯ ಮೇಲೆ ಕುಣಿಯುವ ಶಿವ, ನರ್ತನ ಗಣಪತಿ. ನಾಲ್ಕೂವರೆಯಿಂದ ಐದೂವರೆವರೆಗಿನ ಬೆಳಕಿನಲ್ಲಿ ಮೊಬೈಲ್ ಕ್ಯಾಮೆರಾ ಕೂಡ ಒಳ್ಳೆಯ ಚಿತ್ರ ಕೊಡುತ್ತದೆ, ಫ್ಲ್ಯಾಷ್ ಆರಿಸಿ. ನೇರ ಎದುರು ನಿಲ್ಲದೆ ಗೋಡೆಗೆ ಓರೆಯಾಗಿ ನಿಂತು ತೆಗೆದರೆ ಆಳ ಸಿಗುತ್ತದೆ.

ದಕ್ಷಿಣದ ನಂದಿಮಂಟಪದ ಹಿಂದೆ ಸೂರ್ಯನ ವಿಗ್ರಹವಿದೆ, ಹೊರಡುವ ಮುನ್ನ ನೋಡಿ. ಕೆರೆಯ ಕಡೆ ಕೂತು ಸಂಜೆ ಕಳೆಯುವ ಆಸೆ ಬಸ್ಸಿನವರಿಗೆ ಬೇಡ.

ಭಾನುವಾರ: ಬೆಳಗೊಳ

ಹಾಸನದಿಂದ ಸುಮಾರು 50 ಕಿ.ಮೀ. ಐದೂವರೆಗೆ ರೂಮು ಖಾಲಿ ಮಾಡಿ ಲಗೇಜಿನೊಂದಿಗೇ ಹೊರಡಿ, ಏಕೆಂದರೆ ಅಲ್ಲಿಂದ ಹಿರೀಸಾವೆಯ ಮೇಲೆ ಬೆಂಗಳೂರಿನ ಹೆದ್ದಾರಿ ಹಿಡಿಯಬಹುದು, ಹಾಸನಕ್ಕೆ ಹಿಂತಿರುಗುವ ಅಗತ್ಯವಿಲ್ಲ. ಏಳರ ಹೊತ್ತಿಗೆ ವಿಂಧ್ಯಗಿರಿಯ ಬುಡದಲ್ಲಿರಬೇಕು. ಊರಿನವರ ಬಾಯಲ್ಲಿ ಇದು ದೊಡ್ಡಬೆಟ್ಟ.

ಮೆಟ್ಟಿಲು ಸುಮಾರು 650, ಬಂಡೆಯಲ್ಲೇ ಕಡಿದದ್ದು, ಕೆಲವು ಗಿಡ್ಡ, ಕೆಲವು ಎತ್ತರ. ಚಪ್ಪಲಿ ಕೆಳಗೇ ಬಿಡಬೇಕು, ಕಾಲುಚೀಲ ಹಾಕಿಕೊಳ್ಳಬಹುದು, ಬುಡದ ಅಂಗಡಿಗಳಲ್ಲೂ ಸಿಗುತ್ತದೆ. ಬೆಳಿಗ್ಗೆ ಬರಿಗಾಲೇ ವಾಸಿ, ಹಿಡಿತ ಚೆನ್ನಾಗಿರುತ್ತದೆ; ಇಳಿಯುವಾಗ ಬಂಡೆ ಕಾದಿದ್ದರೆ ಕಾಲುಚೀಲ ಹಾಕಿ. ಮಳೆ ಬಿದ್ದಿದ್ದರೆ ಕಾಲುಚೀಲ ಬೇಡವೇ ಬೇಡ, ಜಾರುತ್ತದೆ. ಒಂದೇ ಉಸಿರಿಗೆ ಹತ್ತದೆ ನೂರು ಮೆಟ್ಟಿಲಿಗೊಮ್ಮೆ ನಿಂತರೆ ಅರವತ್ತು ದಾಟಿದವರೂ ಮುಕ್ಕಾಲು ಗಂಟೆಯಲ್ಲಿ ಮೇಲೇರುತ್ತಾರೆ. ಮಂಡಿನೋವಿನವರಿಗೆ ಕಷ್ಟವಾಗುವುದು ಹತ್ತುವಾಗ ಅಲ್ಲ, ಇಳಿಯುವಾಗ. ಅವರಿಗೆ ಡೋಲಿ ಇದೆ, ಬುಡದಲ್ಲೇ ಗೊತ್ತು ಮಾಡಿಕೊಳ್ಳಿ. ಮೇಲೆ ಹೋದ ಮೇಲೆ ಬೇಕೆಂದರೆ ಸಿಕ್ಕೀತೆಂಬ ಭರವಸೆಯಿಲ್ಲ.

ಗೊಮ್ಮಟ 58 ಅಡಿ, ಒಂದೇ ಬಂಡೆ. ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ್ದು, ಕಾಲ ಸುಮಾರು 981. ಮುಖ ಉತ್ತರಕ್ಕಿದೆ, ಹಾಗಾಗಿ ಬೆಳಗಿನ ಬಿಸಿಲು ಒಂದು ಕೆನ್ನೆಗೆ ಮಾತ್ರ ಬಿದ್ದು ಇನ್ನೊಂದು ಕೆನ್ನೆ ನೆರಳಲ್ಲಿರುತ್ತದೆ, ಆ ತುಟಿಯಂಚಿನ ನಗು ಕಾಣುವುದು ಆಗಲೇ. ನಡುಹಗಲಿನಲ್ಲಿ ಮುಖ ಚಪ್ಪಟೆಯಾಗುತ್ತದೆ. ಪಾದದ ಎಡಬಲಕ್ಕೆ ಕನ್ನಡ, ತಮಿಳು, ಮರಾಠಿಯಲ್ಲಿ ಬರಹಗಳಿವೆ: ಚಾವುಂಡರಾಯ ಇದನ್ನು ಮಾಡಿಸಿದ, ಗಂಗರಾಜ ಸುತ್ತಾಲಯ ಕಟ್ಟಿಸಿದ ಎಂದು. ನಿನ್ನೆ ಬಸದಿಹಳ್ಳಿಯಲ್ಲಿ ನೋಡಿದ ಬೊಪ್ಪಣ್ಣನ ಅಪ್ಪನೇ ಈ ಗಂಗರಾಜ. ಎದುರಿಗೆ ಪುಟ್ಟ ಗುಳ್ಳೆಕಾಯಜ್ಜಿ ಕೈಯಲ್ಲಿ ಗುಳ್ಳೆಕಾಯಿ ಹಿಡಿದು ನಿಂತಿದ್ದಾಳೆ, ಗೊಮ್ಮಟನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುವವರು ಇವಳನ್ನು ಕಾಣುವುದೇ ಇಲ್ಲ. ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ, ಹಿಂದಿನದು 2018ರಲ್ಲಿ ನಡೆಯಿತು.

ಇಳಿದು ತಿಂಡಿ ತಿಂದು ಎದುರಿನ ಚಿಕ್ಕಬೆಟ್ಟವನ್ನೂ ಹತ್ತಿ. ಇದೇ ಚಂದ್ರಗಿರಿ. ಮೆಟ್ಟಿಲು ಕಡಿಮೆ, ಜನ ಇನ್ನೂ ಕಡಿಮೆ, ಮರದ ನೆರಳೂ ಉಂಟು. ಬೆಳಗೊಳಕ್ಕೆ ಬಂದವರಲ್ಲಿ ಮುಕ್ಕಾಲು ಪಾಲು ಇದನ್ನು ಬಿಟ್ಟುಹೋಗುತ್ತಾರೆ. ಇತಿಹಾಸವಿರುವುದು ಮಾತ್ರ ಇಲ್ಲಿಯೇ ಹೆಚ್ಚು. ಬಂಡೆಯ ಮೇಲೆ ಅನ್ನನೀರು ತೊರೆಯುವ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಹೆಸರಿನ ಶಾಸನಗಳು, ಭದ್ರಬಾಹು ಗುಹೆ, ಚಾವುಂಡರಾಯ ಬಸದಿ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಜೈನ ಮುನಿ ಭದ್ರಬಾಹು, ಮೌರ್ಯ ದೊರೆ ಚಂದ್ರಗುಪ್ತರ ಕಥೆ ಚೌಕ ಚೌಕವಾಗಿ ಕೊರೆದಿದೆ. ಅದರ ಮೇಲೂ ದಾಸೋಜನ ಹೆಸರಿದೆ.

ಊಟ, ಕಾಫಿ

ಹಾಸನದ ಕಡೆಯ ಊಟ ಅರ್ಧ ಬಯಲುಸೀಮೆ, ಅರ್ಧ ಮಲೆನಾಡು. ಮುದ್ದೆ, ಬಸ್ಸಾರು, ಉಪ್ಸಾರು ಒಂದು ಕಡೆ, ಅಕ್ಕಿರೊಟ್ಟಿ, ಕಡುಬು ಇನ್ನೊಂದು ಕಡೆ. ಮಾಂಸ ತಿನ್ನುವವರು ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ನಾಟಿಕೋಳಿ ಸಾರು ಕೇಳಿ. ಮಧ್ಯಾಹ್ನ ಒಂದರೊಳಗೆ ಹೋಗಿ, ಎರಡರ ಮೇಲೆ ಮುದ್ದೆ ಆರಿರುತ್ತದೆ, ಸಾರಿನಲ್ಲಿ ಮೂಳೆ ಉಳಿದಿರುತ್ತದೆ. ಬೆಳಗೊಳದಲ್ಲಿ ಊಟಕ್ಕೆ ಕೂತರೆ ಈರುಳ್ಳಿ, ಬೆಳ್ಳುಳ್ಳಿ ನಿರೀಕ್ಷಿಸಬೇಡಿ.

ಕಾಫಿಪುಡಿ ಒಯ್ಯುವವರು ಗುಡಿಯ ಮುಂದಿನ ಅಂಗಡಿಯ ಬಣ್ಣದ ಪೊಟ್ಟಣ ಕೊಳ್ಳುವ ಬದಲು, ಬೇಲೂರು ಅಥವಾ ಹಾಸನದ ಪೇಟೆಯಲ್ಲಿ ಕಣ್ಣೆದುರೇ ಬೀಜ ಪುಡಿ ಮಾಡಿಕೊಡುವ ಅಂಗಡಿ ಹುಡುಕಿ. ಚಿಕೋರಿ ಎಷ್ಟು ಎಂದು ನೀವೇ ಹೇಳಬೇಕು, ಹೇಳದಿದ್ದರೆ ಅಂಗಡಿಯವರ ಲೆಕ್ಕವೇ ಬೀಳುತ್ತದೆ. ಫಿಲ್ಟರಿಗೆ ನೂರಕ್ಕೆ ಇಪ್ಪತ್ತು ಹಿತ, ಮೂವತ್ತರ ಮೇಲೆ ಬಣ್ಣ ಏರುತ್ತದೆ, ಘಮ ಇಳಿಯುತ್ತದೆ. ಕಾಲು ಕೆಜಿಗಿಂತ ಹೆಚ್ಚು ಪುಡಿ ಮಾಡಿಸಬೇಡಿ, ಎರಡು ವಾರದಲ್ಲಿ ವಾಸನೆ ಹೋಗುತ್ತದೆ.

ಇನ್ನೊಂದು ದಿನ ಸಿಕ್ಕರೆ

ಬೇಸಿಗೆಯಾದರೆ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿಗೆ ಹೋಗಬಹುದು. ಹಾಸನದಿಂದ ಸುಮಾರು 20 ಕಿ.ಮೀ., 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಮಳೆಗಾಲದಲ್ಲಿ ಇದನ್ನು ಮುಳುಗಿಸುತ್ತದೆ, ನೀರಿಳಿದ ಮೇಲೆ ಒಳಗೆ ನಡೆದಾಡಬಹುದು. ವರ್ಷ ವರ್ಷ ನೆನೆದು ಒಣಗಿ ಗೋಡೆಗಳು ಸಡಿಲವಾಗಿವೆ, ಒಂದಷ್ಟು ಭಾಗ ಬಿದ್ದಿದೆ ಕೂಡ. ಕಮಾನಿನ ಕೆಳಗೆ ನಿಲ್ಲಬೇಡಿ, ಗೋಡೆ ಹತ್ತಬೇಡಿ. ದಡದ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು. ಕಾರನ್ನು ನೀರಿನ ಹತ್ತಿರಕ್ಕೆ ಇಳಿಸಿ ಟ್ರ್ಯಾಕ್ಟರ್‌ಗೆ ಫೋನ್ ಮಾಡುವವರು ಪ್ರತಿ ವರ್ಷವೂ ಇರುತ್ತಾರೆ.

ಮಳೆ ಕಳೆದ ಮೇಲಾದರೆ ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಡ್ರೋನಿನ ಚಿತ್ರ ನೋಡಿ ಬಂದವರಿಗೆ ಒಳಗೆ ನಿಂತಾಗ ಆ ಆಕಾರ ಕಾಣದೆ ನಿರಾಸೆಯಾಗುತ್ತದೆ. ಗೋಡೆಯ ಒಳಸುತ್ತಿನಲ್ಲಿ ಮೂಲೆ ಎಣಿಸುತ್ತಾ ಒಂದು ಪೂರ್ತಿ ಸುತ್ತು ಹಾಕಿದರೆ ಮಾತ್ರ ನಕ್ಷತ್ರ ಕಾಲಿಗೆ ತಿಳಿಯುತ್ತದೆ.

ಇವೆರಡೂ ಬೇಡ, ಗುಡಿಯೇ ಇನ್ನಷ್ಟು ಬೇಕು ಎನ್ನುವವರು ಹಾಸನದಿಂದ ಹತ್ತು ಹನ್ನೆರಡು ಕಿ.ಮೀ. ದೂರದ ಮೊಸಳೆಗೆ ಹೋಗಿ. ನಾಗೇಶ್ವರ, ಚೆನ್ನಕೇಶವ ಎಂಬ ಅವಳಿ ಗುಡಿಗಳು ಅಕ್ಕಪಕ್ಕ ನಿಂತಿವೆ, ಬೇಲೂರಿನಲ್ಲಿ ಕಳೆದುಹೋದ ಶಿಖರ ಹೇಗಿದ್ದಿರಬಹುದು ಎಂಬ ಪ್ರಶ್ನೆ ಉಳಿದಿದ್ದರೆ ಅದಕ್ಕೆ ಒಂದು ಉತ್ತರ ಇಲ್ಲಿ ಸಿಗುತ್ತದೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಹತ್ತಕ್ಕೆಲ್ಲ ಹಾಸನದಲ್ಲಿರಬಹುದು, ಮಧ್ಯಾಹ್ನದ ರೈಲು ತಪ್ಪುವುದಿಲ್ಲ.